ಹುಬ್ಬು ತೆಗೆಯುವಾಗ ಬಂದ ರೈಲು

ಪರದೇಶದ ವುಡ್‌ರಿಡ್ಜ್ ಊರಿನ ನನ್ನ ಬ್ಯೂಟಿ ಪಾರ್ಲರಿಗೆ ಮೊದಲ ಸಲ ಒಂದು ವಾರ ಬೀಗ ಹಾಕಿ ಶ್ರೀಲಂಕಾಕ್ಕೆ ಹೊರಡುವವಳಿದ್ದೆ. ಲೈಬ್ರರಿಯಲ್ಲಿದ್ದ ಪ್ರವಾಸದ ಪುಸ್ತಕಗಳನ್ನೆಲ್ಲ ಓದಿ, ಹೋದರೆ ಸಮುದ್ರತೀರಕ್ಕೇ ಎಂದು ಹಠ ಹಿಡಿದಿದ್ದೆ.

ಹುಬ್ಬು ತೆಗೆಸಲು ಬಂದ ಧಾರವಾಡದ ಆಂಟಿಯೊಬ್ಬರು ಅದನ್ನು ಕೇಳಿ, ರೆಪ್ಪೆ ಎಳೆದು ಹಿಡಿದುಕೊಂಡೇ ನಕ್ಕರು. “ಸಮುದ್ರ ಎಲ್ಲ್ಯಾದ್ರೂ ಸಿಗ್ತದವಾ. ನಾ ಹೋಗಿಬಂದೀನಿ, ಕ್ಯಾಂಡಿಯಿಂದ ಗುಡ್ಡದ ರೈಲು ಹತ್ತು. ಚಹಾ ತ್ವಾಟದಾಗ ಮೋಡ ಕಿಟಕಿಗೇ ಬರ್ತದ.”

“ಪುಸ್ತಕದಲ್ಲಿ ಓದಿದೀನಿ ಆಂಟಿ.”

“ಪುಸ್ತಕದಾಗ ತಂಪು ಗಾಳಿ ಬೀಸ್ತದೇನು?”

ಹುಬ್ಬು ತೆಗೆಯುವ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಮನಸ್ಸಿನೊಳಗೆ ರೈಲು ನಿಧಾನಕ್ಕೆ ತಿರುಗಿತು, ಹಸಿರು ಗುಡ್ಡಗಳು ಒಂದೊಂದೇ ಮೋಡದೊಳಗೆ ಕರಗಿದವು. “ಇನ್ನೂ ಮುಗೀಲಿಲ್ಲೇನವಾ?” ಎಂದು ಆಂಟಿ ಕೇಳಿದಾಗಲೇ ಎಚ್ಚರವಾಯಿತು. ಅವರ ಎಡ ಹುಬ್ಬು ಗೆರೆಯಷ್ಟೇ ಉಳಿದಿತ್ತು.

ಸಂಜೆಯೇ ಬೀಚಿನ ಹೋಟೆಲ್ ಕ್ಯಾನ್ಸಲ್ ಮಾಡಿದೆ. ಆ ಹುಬ್ಬು ಬೆಳೆಯುವವರೆಗೆ ನಾನು ಗುಡ್ಡದಲ್ಲಿರುವುದೇ ಕ್ಷೇಮ.