ನಿಮ್ಮಮ್ಮನ ಸಂಗೀತಕ್ಕೆ ನಾನು ಟೈಪ್ ಮಾಡಿದ್ದು

ನಿಮ್ಮಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇನಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ನೀವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ತೀರಿಕೊಂಡು, ನಾನು ನ್ಯೂಜೆರ್ಸಿಗೆ ಮಗಳ ಮನೆಗೆ ಬಂದು ಐದಾರು ತಿಂಗಳಾಗಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳಿಗೆ ನೋವಿಗಿಂತ ದೊಡ್ಡದಾದ ಚಿಂತೆ ಬೇರೆಯೇ ಇತ್ತು. ಸಂಜೆ ಕಾಲೇಜಿಗೆ ಹೋಗಿ ಕಲಿಯುತ್ತ ಅವಳು ಏಳು ವಾದ್ಯಗಳಿಗೆ ಒಂದು ಸಂಗೀತ ಬರೆದಿದ್ದಳು. ನ್ಯೂಯಾರ್ಕಿನ ಏಳು ಜನ ವಾದ್ಯಗಾರರು ಒಂದು ಮಧ್ಯಾಹ್ನ ಅದನ್ನು ನುಡಿಸಿ ನೋಡಲು ಒಪ್ಪಿದ್ದರು. ಹಿಡಿಸಿದರೆ ಅವರ ಸಂಗೀತ ಕಛೇರಿಗೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ಆದರೆ ಅಂದು ಎರಡು ಗಂಟೆಗೆ ಒಬ್ಬೊಬ್ಬರ ಮುಂದೆಯೂ ಅವರವರ ಪುಟ ಇರಬೇಕು.

ಆ ಪುಟ ಮಾಡಲು ನಿಮ್ಮಪ್ಪ ಎಲ್ಲಿಂದಲೋ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ತಂದಿದ್ದರು. ಅದರಲ್ಲಿ ಇಲ್ಲಿಯವರು ಸಂಗೀತ ಬರೆಯುವ ಚುಕ್ಕಿ, ಗೆರೆ ಏನೂ ಕಾಣುವುದಿಲ್ಲ. ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ಅಂಕಿಯಲ್ಲಿ ಟೈಪ್ ಮಾಡುತ್ತ ಹೋಗಬೇಕು. ಕೊನೆಗೆ ಒಂದು ಕೀಲಿ ಒತ್ತಿದರೆ ತಾನೇ ಐದು ಗೆರೆ ಎಳೆದು ಚುಕ್ಕಿಗಳನ್ನು ಕೂರಿಸಿ ಪುಟ ಮಾಡಿಕೊಡುತ್ತದೆ. ಒಂದು ಬ್ರಾಕೆಟ್ ಮುಚ್ಚದಿದ್ದರೆ ಪುಟವೇ ಇಲ್ಲ. ಬರೀ ಟೈಪಿಂಗ್ ತಾನೆ, ಅತ್ತೆ ಮಾಡುತ್ತಾರೆ ಅಂದರು ನಿಮ್ಮಪ್ಪ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ನನಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅಷ್ಟೇ ಸಾಕಂತೆ.

ಮೂರು ವಾರ ನಿಮ್ಮಮ್ಮ ಸೋಫಾದ ಮೇಲೆ ಕಾಲು ಚಾಚಿಕೊಂಡು ಹೇಳುವುದು, ನಾನು ಒಂದೇ ಬೆರಳಲ್ಲಿ ಕುಟ್ಟುವುದು. ಇವತ್ತು ಹೇಳಿದ್ದನ್ನು ನಾಳೆ ಬದಲಾಯಿಸುತ್ತಿದ್ದಳು. ಒಂದು ಸಾಲಿನಲ್ಲಿ ಐದು ಎಣಿಕೆ, ಮುಂದಿನದರಲ್ಲಿ ಏಳು, ಆಮೇಲೆ ಮೂರು. ಇದಕ್ಕೊಂದು ತಾಳ ಬೇಡವೇನೆ ಎಂದರೆ, ಇದು ಮಾಡರ್ನ್ ಅಮ್ಮ ಅನ್ನುವಳು. ಕಂಪ್ಯೂಟರು ಅದನ್ನು ನುಡಿಸಿ ತೋರಿಸಿದಾಗ ಪಾತ್ರೆಗಳನ್ನು ಅಟ್ಟದಿಂದ ಇಳಿಸುವ ಸದ್ದು ಕೇಳಿಸಿತು. ಅವಳ ಮುಖ ನೋಡಿ ಚೆನ್ನಾಗಿದೆ ಅಂದೆ.

ನುಡಿಸುವ ದಿನ, ಸೋಮವಾರ ಬೆಳಿಗ್ಗೆ, ಅವಳು ಮುರಿದ ಕೈಯನ್ನು ಕುತ್ತಿಗೆಯಿಂದ ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡು ರೈಲಿನಲ್ಲಿ ನ್ಯೂಯಾರ್ಕಿಗೆ ಹೋದಳು. ನಿಮ್ಮಪ್ಪ ಬ್ರಿಡ್ಜ್‌ವಾಟರಿನ ಆಫೀಸಿಗೆ ಹೋದರು. ಸಂಗೀತವೆಲ್ಲ ಒಂದೇ ದೊಡ್ಡ ಫೈಲಿನಲ್ಲಿತ್ತು. ಒಬ್ಬೊಬ್ಬರ ಪುಟ ಬೇರೆಯಾಗಿ ಬರಲು ಏಳು ಚಿಕ್ಕ ಫೈಲು ಹೊಸದಾಗಿ ಮಾಡಬೇಕಿತ್ತು, ಒಂದೊಂದರಲ್ಲೂ ಹತ್ತೇ ಸಾಲು. ನಿಮ್ಮಪ್ಪ ಆ ಹತ್ತು ಸಾಲನ್ನು ಕಾಗದದ ಮೇಲೆ ಬರೆದಿಟ್ಟು ಹೋಗಿದ್ದರು. ನಾನು ನೋಡಿಕೊಂಡು ಏಳೂ ಟೈಪ್ ಮಾಡಿ, ಕೀಲಿ ಒತ್ತಿದೆ. ಪುಟ ಬರಲಿಲ್ಲ, ಇಂಗ್ಲಿಷಿನಲ್ಲಿ ಬೈಗುಳ ಬಂತು. ಏಳಕ್ಕೆ ಏಳೂ ಹಾಗೇ.

ಅಳಿಯನ ಎದುರು ನಿಂತು ಮಾತಾಡಿ ನನಗೆ ರೂಢಿಯಿಲ್ಲ. ಏನಾದರೂ ಬೇಕಾದರೆ ಮಗಳ ಮೂಲಕ ಹೇಳಿಸುತ್ತಿದ್ದೆ. ಆ ದಿನ ಬೇರೆ ದಾರಿಯಿಲ್ಲದೆ ಫೋನು ಮಾಡಿದೆ. ಮೊದಲನೇ ಸಾಲಿನಿಂದ ಓದಿ ಅಂದರು. ಓದಿದೆ. ಸರಿಯಾಗಿದೆ. ಎರಡನೆಯದು? ಅದೂ ಸರಿ. ಹತ್ತೂ ಸರಿ. ಇನ್ನೊಂದು ಸಲ ಒಂದೊಂದೇ ಅಕ್ಷರ ಓದಿಸಿದರು. ಮೊದಲನೇ ಸಾಲಿನಲ್ಲೇ ತಪ್ಪಿದೆ ಅನ್ನುತ್ತಿದೆ ಕಂಪ್ಯೂಟರು, ಆ ಸಾಲಿನಲ್ಲಿ ತಪ್ಪೇ ಇಲ್ಲ. ಹಾಳಾದ ಪ್ರೋಗ್ರಾಮು ಎಂದು ಅವರು ಬೈದುಕೊಂಡದ್ದು ನನಗೆ ಕೇಳಿಸಿತು. ಗಡಿಯಾರ ಒಂದು ದಾಟಿತ್ತು.

ಕೊನೆಗೆ ಅವರು ಕೇಳಿದರು, "ಅತ್ತೆ, ಕೊನೇ ಸಾಲಿನ ಮೇಲೆ ಕ್ಲಿಕ್ ಮಾಡಿ. ಕೆಳಗಡೆ ಎಷ್ಟು ನಂಬರ್ ತೋರಿಸ್ತಿದೆ?"

"ಹನ್ನೊಂದು."

"ನಾನು ಬರೆದುಕೊಟ್ಟಿದ್ದು ಹತ್ತು. ಇನ್ನೊಂದು ಎಲ್ಲಿಂದ ಬಂತು?"

"ಮೇಲುಗಡೆ ಶ್ರೀ ಹಾಕಿದೀನಿ," ಅಂದೆ.

ಶ್ರೀ ಬರೆಯದೆ ಹಾಳೆ ಶುರು ಮಾಡಿದರೆ ನಮ್ಮ ಮೇಷ್ಟರು ಹಾಳೆಯನ್ನೇ ಕಿತ್ತು ಕೊಡುತ್ತಿದ್ದರು. ಅಂದಿನಿಂದ ಸಾಮಾನಿನ ಚೀಟಿಗೂ ಶ್ರೀ ಹಾಕಿಯೇ ರೂಢಿ. ಇಲ್ಲಿ ಕನ್ನಡದ ಕೀಲಿ ಇಲ್ಲವೆಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ದೊಡ್ಡ ಫೈಲನ್ನು ನಿಮ್ಮಮ್ಮನೇ ಶುರು ಮಾಡಿದ್ದರಿಂದ ಅಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಮೊದಲನೇ ಸಾಲು ಓದಿ ಅಂದಾಗ ಶ್ರೀ ಒಂದು ಸಾಲು ಅಂತ ಯಾರು ಎಣಿಸುತ್ತಾರೆ?

"ಅಳಿಸೋದು ಬೇಡ ಅತ್ತೆ," ಅಂದರು. "ಅದರ ಮೊದಲಿಗೆ ಪರ್ಸೆಂಟ್ ಗುರುತು ಹಾಕಿ. ಆ ಗುರುತಿರೋ ಸಾಲನ್ನ ಕಂಪ್ಯೂಟರ್ ಓದಲ್ಲ."

"ಯಾರೂ ಓದದ ಹಾಗೆ ಶ್ರೀ ಹಾಕೋದೇ?" ಅಂದೆ. ನಿಮ್ಮಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

"ದೇವರು ಓದ್ಕೋತಾನೆ. ಈಗ ಒಂದೂವರೆ."

ಫೋನು ಇಟ್ಟರೆ ಮಾತ್ರ ಇಂಟರ್‌ನೆಟ್ಟು ಬರುತ್ತಿದ್ದ ಕಾಲ ಅದು. ಇಟ್ಟೆ. ಗುರುತು ಹಾಕಿ ಒತ್ತಿದರೆ ಪುಟಗಳು ಬಂದವು. ಕಳಿಸುವ ಬಗೆಯೂ ನಿಮ್ಮಪ್ಪನ ಕಾಗದದಲ್ಲಿತ್ತು, ಅದನ್ನು ನೋಡಿಕೊಂಡು ಒಂದೊಂದಾಗಿ ನ್ಯೂಯಾರ್ಕಿಗೆ ಈಮೇಲ್ ಕಳಿಸಿದೆ. ಐದು ಹೋದವು. ಆರನೆಯದು ಹೋಗುತ್ತಿರುವಾಗ ನಿಮ್ಮಮ್ಮ ಅಲ್ಲಿಂದ ಫೋನು ಮಾಡಿದಳು, ಯಾಕೆ ಇನ್ನೂ ಪೂರ್ತಿ ಬಂದಿಲ್ಲ ಅಂತ. ಅವಳ ಫೋನು ಬಂದದ್ದಕ್ಕೇ ಇಂಟರ್‌ನೆಟ್ಟು ಕಡಿದುಹೋಯಿತು. ಮತ್ತೆ ಕೂಡಿಸಿಕೊಂಡು ಉಳಿದೆರಡು ಕಳಿಸುವಷ್ಟರಲ್ಲಿ ಎರಡೂಕಾಲು.

ಸಂಜೆ ಅವಳು ಬರುವವರೆಗೆ ನನಗೆ ಊಟ ಸೇರಲಿಲ್ಲ. ಬಂದವಳು ಕೋಟು ಕೂಡ ಬಿಚ್ಚದೆ ಅಡಿಗೆಮನೆಗೆ ಬಂದಳು. ಕೊಳಲಿನವಳಿಗೂ, ಚೆಲ್ಲೋ ಅನ್ನುವ ದೊಡ್ಡ ಪಿಟೀಲಿನವನಿಗೂ ಎರಡು ಗಂಟೆಗೆ ಪುಟ ಸಿಕ್ಕಿರಲಿಲ್ಲವಂತೆ. ಕಾಯುವುದಕ್ಕೆ ಹೊತ್ತಿಲ್ಲವೆಂದು ಉಳಿದ ಐವರು ಶುರು ಮಾಡಿದರಂತೆ. ಸಿಕ್ಕಿದಾಗ ಇಬ್ಬರೂ ಮಧ್ಯದಲ್ಲಿ ಸೇರಿಕೊಂಡರಂತೆ.

"ಅಮ್ಮಾ, ಹಾಗೇ ಚೆನ್ನಾಗಿತ್ತು," ಅಂದಳು. "ಅವರಿಗೂ ಹಿಡಿಸ್ತು. ಕಛೇರಿಗೆ ತಗೊಂಡ್ರು."

ಸಂತೋಷಕ್ಕೆ ಒಗ್ಗರಣೆ ಸೀದದ್ದೂ ಗೊತ್ತಾಗಲಿಲ್ಲ. ಆದರೆ ಅವಳ ಮಾತು ಮುಗಿದಿರಲಿಲ್ಲ. ಆ ಇಬ್ಬರು ಇನ್ನು ಮುಂದೆ ಮೊದಲ ಎರಡು ಪುಟ ನುಡಿಸುವುದು ಬೇಡ, ಅದನ್ನೆಲ್ಲ ತೆಗೆದುಬಿಡು ಅಂದಳು. ಆ ಎರಡು ಪುಟಕ್ಕೆ ನಾನು ಐದು ದಿನ ಕುಟ್ಟಿದ್ದೆ. ಮೂರು ಸಲ ಬದಲಾಯಿಸಿದ್ದೆ.

ತೆಗೆದರೆ ಮುಗಿಯಿತಲ್ಲ ಅಂದೆ. ಮುಗಿಯುವುದಿಲ್ಲವಂತೆ. ನುಡಿಸದೆ ಸುಮ್ಮನಿರುವ ಕಡೆಯೂ ಆರ್ ಅಕ್ಷರ ಹಾಕಬೇಕು, ಮುಂದೆ ಅಂಕಿ, ಐದಕ್ಕೆ ಐದರದು, ಏಳಕ್ಕೆ ಏಳರದು. ಮಾರನೆಯ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕೂತೆ. ಇಬ್ಬರು ಸುಮ್ಮನೆ ಕೂತಿರುವುದನ್ನು ಟೈಪ್ ಮಾಡಿ ಮುಗಿಸಲು ನನಗೆ ಗುರುವಾರದವರೆಗೆ ಹಿಡಿಯಿತು.