ಫ್ಲೆಕ್ಸಿನಲ್ಲಿ ಮಾತ್ರ ಶಿಕ್ಷಣಪ್ರೇಮಿ

ಆ ಫ್ಲೆಕ್ಸನ್ನು ನಮ್ಮ ಬೀದಿಯ ಕರೆಂಟ್ ಕಂಬಕ್ಕೆ ಕಟ್ಟುವಾಗ ಏಣಿ ಹಿಡಿದುಕೊಂಡಿದ್ದವನು ನಾನೇ. ಏಣಿ ಹಿಡಿದು ಮೇಲಕ್ಕೇ ನೋಡುತ್ತಿದ್ದೆ. ನನ್ನ ಮುಖವನ್ನು ಅಷ್ಟು ದೊಡ್ಡದಾಗಿ ನಾನು ಯಾವತ್ತೂ ಕಂಡಿರಲಿಲ್ಲ.

ಫ್ಲೆಕ್ಸಿನ ನಟ್ಟನಡುವೆ ಇದ್ದದ್ದು ನಾನಲ್ಲ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಟೀಚರಕ್ಕ. ಕೊಲಂಬಿಯಾ ದೇಶದವರು. ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಾರೆ. ಆವತ್ತು ಅವರ ಹುಟ್ಟುಹಬ್ಬ. ನನ್ನ ಹೆಂಡತಿಯ ರೇಷ್ಮೆ ಸೀರೆ ಉಟ್ಟು ತೆಗೆಸಿಕೊಂಡಿದ್ದ ಫೋಟೋವನ್ನು ಬೀದಿಯ ಹುಡುಗರು ಎಲ್ಲಿಂದಲೋ ಹುಡುಕಿ ಹಾಕಿಸಿದ್ದರು. ಪಟ್ಟಂದೂರು ಅಗ್ರಹಾರದಲ್ಲಿ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸಿಕೊಳ್ಳದವರು ಯಾರಿದ್ದಾರೆ? ಹಾಲು ಹಾಕುವವನಿಗೂ ಹಾಕುತ್ತಾರೆ. ಫ್ಲೆಕ್ಸ್ ಅಂದಮೇಲೆ ಬಿರುದು ಇರಲೇಬೇಕು. ಹಾಗಾಗಿ ಮೇಲ್ಗಡೆ ಕೆಂಪು ಅಕ್ಷರದಲ್ಲಿ, ‘ನಮ್ಮೂರ ಮಕ್ಕಳಿಗೆ ವಿದ್ಯಾದಾನ ಮಾಡುತ್ತಿರುವ ಅಕ್ಷರಮಾತೆಗೆ ಜನ್ಮದಿನದ ಶುಭಾಶಯಗಳು’ ಎಂದಿತ್ತು. ಕೆಳಗಡೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾನು. ‘ಶುಭ ಕೋರುವವರು: ಕೊಡುಗೈ ದಾನಿ, ಶಿಕ್ಷಣಪ್ರೇಮಿ.’ ಅದರ ಕೆಳಗೆ ನನ್ನ ವೆಲ್ಡಿಂಗ್ ಶಾಪಿನ ಫೋನ್ ನಂಬರು.

ಶಿಕ್ಷಣಪ್ರೇಮಿ! ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಕಬ್ಬಿಣದ ಹತ್ತಿರ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಿಂತಿರುವ ಮನೆಗೆ ಕಿಟಕಿಯ ಗ್ರಿಲ್ಲು, ಮೆಟ್ಟಿಲ ಕಂಬಿ, ಗೇಟು ಎಲ್ಲ ನಾನೇ ಕೂತು ಮಾಡಿದ್ದು. ಐಟಿ ಪಾರ್ಕಿನ ಸುತ್ತ ಎದ್ದ ಎಷ್ಟೋ ಕಟ್ಟಡಗಳ ಗೇಟುಗಳೂ ನನ್ನವೇ. ಆ ವಿಷಯದಲ್ಲಿ ನನ್ನ ತಲೆ ಯಾರ ಮುಂದೆಯೂ ಬಾಗುವುದಿಲ್ಲ. ಆದರೂ ಆ ಒಂದು ಪದ ನನಗೆ ಹಬ್ಬದೂಟ ಹಾಕಿದಂತಾಗಿತ್ತು. ಟೀ ಕುಡಿಯಲು ಶಾಪಿನ ಪಕ್ಕದ ಅಂಗಡಿ ಬಿಟ್ಟು, ಆ ಕಂಬದ ಎದುರಿನ ಅಂಗಡಿಗೇ ಹೋಗುತ್ತಿದ್ದೆ.

ಮೂರನೆಯ ದಿನ ಫೋನ್ ಬಂತು. ಹೆಂಗಸಿನ ದನಿ.

“ನಿಮ್ಮ ಸೆಂಟರ್ ಎಲ್ಲಿದೆ?”

“ಸೆಂಟರ್ ಅಲ್ಲ ಮೇಡಂ, ಶಾಪು. ಗೇಟು, ಗ್ರಿಲ್ಲು, ರೋಲಿಂಗ್ ಶಟರು ಏನ್ ಬೇಕಾದ್ರೂ ಮಾಡ್ಕೊಡ್ತೀವಿ.”

“ಫ್ಲೆಕ್ಸಲ್ಲಿ ಶಿಕ್ಷಣಪ್ರೇಮಿ ಅಂತ ಇರೋರು ನೀವೇನಾ?”

“ಹೌದು ಮೇಡಂ, ಅದು ನಾನೇ!” ಎಂದೆ. ಎಷ್ಟು ಹಿಗ್ಗಿನಿಂದ ಹೇಳಿದೆನೆಂದರೆ, ಗ್ರೈಂಡರ್ ಹಿಡಿದಿದ್ದ ಕೆಲಸದವನು ಅದನ್ನು ಆಫ್ ಮಾಡಿ ನನ್ನನ್ನೇ ನೋಡಿದ.

“ಆ ಟೀಚರ್ ಇರೋ ಮನೆ ಹತ್ರ ಬನ್ನಿ. ನಾವು ವಿದೇಶಿಯರ ನೋಂದಣಿ ಆಫೀಸಿಂದ. ಬರ್ತಿದೀವಿ.”

ನನ್ನ ಕೈಯಲ್ಲಿದ್ದ ರಾಡು ಕೆಳಗೆ ಬಿತ್ತು.

ಟೀಚರಕ್ಕ ಮನೆಗೆ ಬಂದ ಹೊಸದರಲ್ಲೇ ನನ್ನನ್ನೂ ನನ್ನ ಮಗಳನ್ನೂ ಕೂರಿಸಿಕೊಂಡು ಒಂದು ವಿಷಯ ಹೇಳಿದ್ದರು. ಅವರ ಇಂಗ್ಲಿಷನ್ನು ಮಗಳು ನನಗೆ ಬಿಡಿಸಿ ಹೇಳಿದ್ದಳು. ಅವರಿಗೆ ಸರ್ಕಾರ ಕೊಟ್ಟಿರುವ ಕೆಲಸದ ಪರವಾನಗಿ ಒಂದೇ ಶಾಲೆಗೆ. ಆ ಶಾಲೆ ಬಿಟ್ಟು ಬೇರೆಲ್ಲೇ ಪಾಠ ಹೇಳಿದರೂ, ಮನೆಯ ಮೆಟ್ಟಿಲ ಮೇಲೆ ಟ್ಯೂಷನ್ ಮಾಡಿದರೂ, ಪರವಾನಗಿ ಹೋಗುತ್ತದೆ, ಅವರು ದೇಶ ಬಿಡಬೇಕು. ಪಕ್ಕದ ಲೇಔಟಿನ ಒಂದು ಶಾಲೆಯಲ್ಲಿ ಟೂರಿಸ್ಟ್ ವೀಸಾದಲ್ಲಿ ಬಂದು ಪಾಠ ಮಾಡುತ್ತಿದ್ದ ಯಾರನ್ನೋ ಆಗತಾನೇ ಕಳಿಸಿಬಿಟ್ಟಿದ್ದರು. ಆದ್ದರಿಂದ ಬೀದಿಯ ತಾಯಂದಿರು ಬಂದು, “ನಮ್ ಮಗೂಗೆ ಒಸಿ ಇಂಗ್ಲಿಷ್ ಹೇಳ್ಕೊಡಕ್ಕ” ಎಂದು ಗೋಗರೆದರೂ ಟೀಚರಕ್ಕ ಕೈ ಮುಗಿದು ಇಲ್ಲ ಎನ್ನುತ್ತಿದ್ದರು. ಒಂದು ಅಕ್ಷರ ಹೇಳಿಕೊಟ್ಟವರಲ್ಲ. ಈಗ ಅವರ ಪರವಾನಗಿಯ ಅವಧಿ ಮುಗಿಯುತ್ತ ಬಂದು, ಮುಂದುವರಿಸಲು ಅರ್ಜಿ ಹಾಕಿ ಕಾಯುತ್ತಿದ್ದರು. ಇಂಥ ಹೊತ್ತಿನಲ್ಲಿ ನಾವು ಕಂಬ ಹತ್ತಿ, ಊರಿಗೆಲ್ಲ ಕಾಣುವಂತೆ, ‘ನಮ್ಮೂರ ಮಕ್ಕಳಿಗೆ ವಿದ್ಯಾದಾನ ಮಾಡುತ್ತಿದ್ದಾರೆ’ ಎಂದು ಕಟ್ಟಿದ್ದೆವು!

ಮನೆಗೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಜೀಪು ಬಂದಿತ್ತು. ಕನ್ನಡಕದ ಮೇಡಂ ಒಬ್ಬರು, ಜೊತೆಗೆ ಫೋಟೋ ತೆಗೆಯುತ್ತಿದ್ದ ಸಾರ್ ಒಬ್ಬರು. ಶನಿವಾರವಾದ್ದರಿಂದ ಟೀಚರಕ್ಕ ಮನೆಯಲ್ಲೇ ಇದ್ದರು. ಜಗಲಿಯ ಮೇಲೆ ನಮ್ಮಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುತ್ತ ಬೀದಿಯ ಮಕ್ಕಳು. ದೂರದಿಂದ ನೋಡಿದವರಿಗೆ ಪಾಠ ನಡೆಯುತ್ತಿದೆ ಎಂದೇ ಅನಿಸಬೇಕು, ಹಾಗಿತ್ತು ಆ ನೋಟ.

ಮೇಡಂ ಟೀಚರಕ್ಕನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಟೀಚರಕ್ಕನ ಮುಖ ಸುಣ್ಣ ಬಳಿದಂತಾಯಿತು. ಮೇಲಕ್ಕೆ ಹೋಗಿ ಪಾಸ್‌ಪೋರ್ಟ್ ತಂದರು.

ಮೇಡಂ ನನ್ನ ಕಡೆ ತಿರುಗಿದರು. “ನೋಡಿ, ಇವರು ಶಾಲೆ ಬಿಟ್ಟು ಬೇರೆ ಕಡೆ ಪಾಠ ಹೇಳ್ತಿದ್ದಾರೆ ಅಂತ ದೂರು ಬಂದಿದೆ. ನೀವೇ ಬರೆಸಿ ಕಟ್ಟಿದೀರ. ಇದು ನಿಜ ಆದ್ರೆ ರಿನ್ಯೂವಲ್ ಆಗಲ್ಲ. ಈ ತಿಂಗಳೇ ಹೊರಡ್ಬೇಕಾಗತ್ತೆ.”

“ಮೇಡಂ, ಅದು ಫ್ಲೆಕ್ಸು,” ಎಂದೆ.

“ಫ್ಲೆಕ್ಸ್ ಅಂತ ನಂಗೂ ಗೊತ್ತು. ಅದರಲ್ಲಿ ಬರೆದಿರೋದನ್ನ ಕೇಳ್ತಿದೀನಿ.”

“ಅಯ್ಯೋ, ಫ್ಲೆಕ್ಸಲ್ಲಿ ಬರೆದಿರೋದನ್ನ ಯಾರು ಮೇಡಂ ನಂಬ್ತಾರೆ?”

“ನಾನು ನಂಬ್ತೀನಿ,” ಎಂದರು ಮೇಡಂ. “ನನ್ನ ಕೆಲಸಾನೇ ಅದು.”

ಅಷ್ಟು ಹೊತ್ತಿಗೆ ಬೀದಿಯೆಲ್ಲ ಸೇರಿತ್ತು. ಫ್ಲೆಕ್ಸ್ ಹಾಕಿಸಿದ ಹುಡುಗನೂ ಬಂದ. ಫ್ಲೆಕ್ಸಿನ ಮೂಲೆಯಲ್ಲಿದ್ದ ಅವನ ಫೋಟೋದ ಕೆಳಗೆ ‘ಯುವ ನಾಯಕ’ ಎಂದಿತ್ತು. ಮೇಡಂ ಅವನನ್ನೇ ಹಿಡಿದರು.

“ಏನಪ್ಪಾ ಯುವ ನಾಯಕ, ನಿನ್ನ ಹಿಂದೆ ಎಷ್ಟು ಜನ ಯುವಕರಿದ್ದಾರೆ?”

“ನಮ್ ತಮ್ಮ ಒಬ್ಬ ಇದಾನೆ ಮೇಡಂ,” ಎಂದ ಅವನು ತಲೆ ಕೆರೆದುಕೊಂಡು. “ಅವನೂ ಮಾತು ಕೇಳಲ್ಲ.”

ಜನ ಗೊಳ್ಳೆಂದರು. ನನಗೆ ತಟ್ಟನೆ ದಾರಿ ಹೊಳೆಯಿತು. ಆ ಫ್ಲೆಕ್ಸಿನಲ್ಲಿರುವುದೆಲ್ಲ ಹೊಗಳಿಕೆ, ಬರೀ ಹೊಗಳಿಕೆ ಎಂದು ತೋರಿಸಿದರೆ ಟೀಚರಕ್ಕ ಉಳಿಯುತ್ತಾರೆ. ಆದರೆ ಅದನ್ನು ನನ್ನಿಂದಲೇ ಶುರು ಮಾಡಬೇಕು. ಎದುರಿಗೆ ನನ್ನ ಮಗಳಿದ್ದಾಳೆ, ಬಾಡಿಗೆಯವರಿದ್ದಾರೆ, ಶಾಪಿನ ಕೆಲಸದವರಿದ್ದಾರೆ. ಇಷ್ಟು ವರ್ಷ ತಲೆ ಎತ್ತಿಕೊಂಡು ಓಡಾಡಿದ ಬೀದಿ ಅದು.

ಟೀಚರಕ್ಕ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಮೇಡಂ, ಅಲ್ಲಿ ನನ್ನ ಶಿಕ್ಷಣಪ್ರೇಮಿ ಅಂತ ಬರೆದವ್ರೆ,” ಎಂದೆ. ದನಿ ತಗ್ಗಿಸಲಿಲ್ಲ. “ನಾನು ಓದಿರೋದು ಏಳನೇ ಕ್ಲಾಸು. ಅದೂ ಪೂರ್ತಿ ಇಲ್ಲ. ಯಾವ ಶಾಲೆಗೂ ಒಂದು ಬೆಂಚು ಕೊಟ್ಟವನಲ್ಲ. ಆ ಮಾತು ಸುಳ್ಳು. ಹಂಗೇ ಇವರ ಬಗ್ಗೆ ಬರೆದಿರೋದೂ ಸುಳ್ಳು.”

ನಮ್ಮಮ್ಮ ಅವರೆಕಾಯಿ ಮೊರ ಕೆಳಗಿಟ್ಟರು.

“ಇವ್ನಾ? ಇಸ್ಕೂಲ್ ಗೋಡೆ ಆರಿ ಓಡ್ಬಂದೋನು ಕಣವ್ವ ಇವ್ನು! ಮೇಷ್ಟ್ರು ದಾರೀಲಿ ಬತ್ತಾವ್ರೆ ಅಂದ್ರೆ ರಾಗಿ ಒಲದಾಗೆ ಅವಿತ್ಕತಿದ್ದ. ಪೈರು ಮೊಣಕಾಲಿಗೆ ಇರಾದು, ಇವ್ನ ತಲೆ ಮ್ಯಾಲೇ ಕಾಣಾದು!”

ಕಟ್ಟೆ ಒಡೆದ ಹಾಗಾಯಿತು. ಎದುರಿನ ಪ್ರಾವಿಜನ್ ಸ್ಟೋರಿನವನು ಕೈ ಎತ್ತಿಕೊಂಡೇ ಮುಂದೆ ಬಂದ. “ಮೇಡಂ, ದಾನಿ ಅಂತಾನೂ ಹಾಕವ್ರೆ, ಅದನ್ನೂ ಬರ್ಕೊಳಿ. ಗಣೇಶನ ಪೆಂಡಾಲ್‌ಗೆ ಪೈಪ್ ಕೇಳಿದ್ರೆ, ‘ತಗೊಂಡೋಗಿ, ನಾಳೆ ವಾಪಸ್ ತಂದು ಎಲ್ಲಿತ್ತೋ ಅಲ್ಲೇ ಇಡಿ’ ಅಂತಾನೆ. ದೇವರಿಗೂ ಎರವಲು!”

“ಹೌದು ಮೇಡಂ, ವಾಟ್ಸಾಪಲ್ಲಿ ಫೋಟೋ ಬೇರೆ ಕೇಳ್ತಾರೆ, ಇಟ್ರಾ ಇಲ್ವಾ ಅಂತ,” ಎಂದಿತು ಹಿಂದಿನಿಂದ ಇನ್ನೊಂದು ದನಿ.

“ಸಾಕು ನಿಲ್ಸ್ರಲೇ,” ಎಂದೆ. ಯಾರು ಕೇಳುತ್ತಾರೆ? ಟೀಚರಕ್ಕನನ್ನು ಉಳಿಸುವ ಉತ್ಸಾಹದಲ್ಲಿ ನನ್ನನ್ನು ಚೂರು ಚೂರು ಮಾಡಿಬಿಟ್ಟರು. ಬೀದಿಯ ಜನಕ್ಕೆ ನನ್ನ ಮೇಲೆ ಇಷ್ಟೊಂದು ಹೇಳುವುದಿತ್ತೆಂದು ಆವತ್ತೇ ಗೊತ್ತಾದದ್ದು. ನನ್ನ ಕೆಲಸದವನೂ ಬಾಯಿ ತೆರೆದ, ನಾನು ಕಣ್ಣು ಬಿಟ್ಟ ಮೇಲೆ ಮುಚ್ಚಿದ.

ಮೇಡಂ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮಕ್ಕಳ ಕಡೆ ಬಗ್ಗಿದರು. ಮಕ್ಕಳನ್ನು ನಂಬುವ ಹಾಗಿಲ್ಲ.

“ಪುಟ್ಟಿ, ಈ ಟೀಚರ್ ನಿಂಗೆ ಏನು ಹೇಳ್ಕೊಟ್ಟಿದ್ದಾರೆ?”

ಮೂಲೆ ಮನೆಯ ಹುಡುಗಿ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ನನ್ನ ಹೆಂಡತಿ ನನ್ನ ತೋಳನ್ನು ಹಿಂಡಿದಳು.

“ಏನೂ ಹೇಳ್ಕೊಟ್ಟಿಲ್ಲ ಆಂಟಿ. ನಾವೇ ಕುಂಟೆಬಿಲ್ಲೆ ಹೇಳ್ಕೊಟ್ವಿ. ಗೆರೆ ತುಳಿದ್ರೂ ಔಟಿಲ್ಲ ಅಂತ ಜಗಳ ಆಡ್ತಾರೆ.”

“ಇಲ್ಲ! ಗೆರೆ ಮುಟ್ಟಿಲ್ಲ!” ಎಂದರು ಟೀಚರಕ್ಕ ಅಚ್ಚ ಕನ್ನಡದಲ್ಲಿ. ಹೆದರಿಕೆಯ ನಡುವೆಯೂ ಆ ಮಾತು ತಾನಾಗಿ ಹೊರಟಿತ್ತು.

ಈ ಸಲ ಮೇಡಂ ನಕ್ಕೇಬಿಟ್ಟರು. ಜೊತೆಗಿದ್ದ ಸಾರ್ ಕೂಡ. ಆದರೆ ನಗು ಮುಗಿದ ಮೇಲೆ ಕೆಲಸ ಕೆಲಸವೇ. ಅವರು ಶಾಲೆಗೆ ಫೋನ್ ಮಾಡಿ ಮಾತಾಡಿದರು. ಮೇಲಿನ ಮನೆಯನ್ನು ನೋಡಿ ಬಂದರು. ಬೋರ್ಡಿಲ್ಲ, ಬೆಂಚಿಲ್ಲ, ಒಂದು ಮಂಚ, ಒಂದು ಒಲೆ, ಗೋಡೆಯ ಮೇಲೆ ಅವರ ತಾಯಿಯ ಫೋಟೋ. ನಾನು ಮನೆ ಮಾಲೀಕನಾಗಿ ವಿದೇಶಿಯರ ಮಾಹಿತಿ ಕೊಡಬೇಕಾದ್ದನ್ನು ಸಮಯಕ್ಕೆ ಸರಿಯಾಗಿ ಕೊಟ್ಟಿದ್ದೇನೆಯೇ ಎಂದು ನೋಡಿದರು. ಕೊಟ್ಟಿದ್ದೆ. ಅದನ್ನು ಮಗಳು ಜೋರಾಗಿ ಹೇಳಿದಳು, ಬೀದಿಗೆಲ್ಲ ಕೇಳುವಂತೆ.

ಕೊನೆಗೆ ಮೇಡಂ ಒಂದು ಬಿಳಿ ಹಾಳೆ ಕೊಟ್ಟರು. “ಈಗ ಹೇಳಿದ್ದನ್ನ ನಿಮ್ಮ ಕೈಯಾರೆ ಬರೆದು ಸೈನ್ ಮಾಡಿ.”

“ನಾನ್ ಬರ್ಕೊಡ್ಲಾ ಅಪ್ಪಾ?” ಎಂದಳು ಮಗಳು ಮೆತ್ತಗೆ.

“ಬೇಡಮ್ಮ. ಸುಳ್ಳು ಹೊತ್ತಿರೋ ಫೋಟೋ ನಂದು. ನಾನೇ ಬರೀತೀನಿ.”

ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದೆ. ವೆಲ್ಡಿಂಗ್ ಮಾಡುವಾಗ ಗೆರೆ ನೇರ ಬರುವ ಕೈ, ಪೆನ್ನು ಹಿಡಿದರೆ ಅಲ್ಲಿ ಇಲ್ಲಿ ಓಡುತ್ತದೆ. ನಾನು ಶಿಕ್ಷಣಪ್ರೇಮಿ ಅಲ್ಲ. ದಾನಿಯೂ ಅಲ್ಲ. ಟೀಚರಕ್ಕ ನಮ್ಮ ಬೀದಿಯಲ್ಲಿ ಯಾರಿಗೂ ಪಾಠ ಹೇಳಿಲ್ಲ. ಫ್ಲೆಕ್ಸಿನಲ್ಲಿರುವುದು ಅಭಿಮಾನದ ಮಾತು. ಇಷ್ಟನ್ನು ಬರೆಯುವಷ್ಟರಲ್ಲಿ ಬೆವರಿ ಹೋದೆ. ಮೇಡಂ ಅದನ್ನು ಎರಡು ಸಲ ಓದಿದರು.

“ಅರ್ಜಿ ಜೊತೆ ಇದನ್ನೂ ಇಡ್ತೀನಿ. ತೀರ್ಮಾನ ಮೇಲಿನವರದ್ದು. ಈಗ ಮೊದಲು ಆ ಫ್ಲೆಕ್ಸ್ ಇಳಿಸಿ, ಅದನ್ನ ಕಟ್ಟೋದೇ ತಪ್ಪು,” ಎಂದು ಜೀಪು ಹತ್ತಿದರು.

ಆಮೇಲಿನ ವಾರಗಳನ್ನು ಹೇಗೆ ಕಳೆದೆವೋ! ಟೀಚರಕ್ಕ ಶಾಲೆಯಿಂದ ಬಂದ ಕೂಡಲೇ ಫೋನ್ ನೋಡುವರು, ತಲೆಯಾಡಿಸುವರು, ಮೆಟ್ಟಿಲು ಹತ್ತುವರು. ನಮ್ಮಮ್ಮ ಒಂದು ದಿನ, “ಅಷ್ಟು ದೂರದಿಂದ ಬಂದ್ ಕೂಸ್ನ ನಮ್ ಉಡುಗ್ರು ಕಳ್ಸ್‌ಬುಟ್ರೆ ಏನ್ ಗತಿ” ಎಂದು ಊಟ ಬಿಟ್ಟು ಎದ್ದರು. ನನಗೂ ನಿದ್ದೆಯಿಲ್ಲ. ನಾನು ಮಾಡಿದ ಗೇಟು ಸೊಟ್ಟ ಬಂದರೆ ಬಿಸಿ ಮಾಡಿ ಬಡಿದು ನೆಟ್ಟಗೆ ಮಾಡುತ್ತೇನೆ. ಇದನ್ನು ಎಲ್ಲಿ ಹಿಡಿದು ಬಡಿಯುವುದು?

ಒಂದು ಮಧ್ಯಾಹ್ನ ಶಾಪಿನಲ್ಲಿ ಕಿಡಿ ಹಾರಿಸುತ್ತ ಕೂತಿದ್ದೇನೆ, ಬಾಗಿಲಲ್ಲಿ “ಅಣ್ಣಾ! ಅಣ್ಣಾ!” ಎಂಬ ಕೂಗು. ಕಣ್ಣಿನ ಗಾಜು ಸರಿಸಿ ನೋಡಿದರೆ ಟೀಚರಕ್ಕ. ಶಾಲೆಯ ಐಡಿ ಕಾರ್ಡು ಕೊರಳಲ್ಲೇ ಇದೆ, ಏದುಸಿರು ಬಿಡುತ್ತಿದ್ದಾರೆ. ಆಟೋದವನು ಚಿಲ್ಲರೆಗೆ ಹಿಂದೆಯೇ ಬಂದಿದ್ದಾನೆ. ಅವರು ಫೋನನ್ನು ನನ್ನ ಮೂಗಿಗೆ ಹಿಡಿದರು. ಇಂಗ್ಲಿಷು. ನನಗೆ ಒಂದು ಪದವೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ, ಅವರ ಮುಖವೇ ಹೇಳುತ್ತಿತ್ತು.

“ಸಿಕ್ತಾ?”

“ಸಿಕ್ತು! ಒಂದು ವರ್ಷ! ಅದೇ ಶಾಲೆ!” ಎಂದು ಕುಣಿದರು. ನಾನೂ ಕುಣಿದೆ ಎಂದು ಕೆಲಸದವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಮಷೀನು ಆಫ್ ಮಾಡಿಸಿದೆ. ದುಡಿಯುವ ಹೊತ್ತಿನಲ್ಲಿ ಎಂದೂ ಇಳಿಸದ ಶಟರನ್ನು ಅರ್ಧ ಇಳಿಸಿ ಬೇಕರಿಗೆ ಹೋಗಿ ಬೀದಿಗೆಲ್ಲ ಆಗುವಷ್ಟು ಮೈಸೂರುಪಾಕು ಕಟ್ಟಿಸಿದೆ. ಬೇಕರಿಯವನು ಹುಬ್ಬೇರಿಸಿದ.

“ಏನ್ ಗೌಡ್ರೇ, ಯಾರ್ದು ವಿಶೇಷ?”

“ನಮ್ ಬಾಡಿಗೆಯವ್ರು ಮನೆ ಖಾಲಿ ಮಾಡ್ತಿಲ್ಲಪ್ಪ,” ಎಂದೆ. “ಇನ್ನೂ ಒಂದು ಕೆಜಿ ಹಾಕು.”