ಎಣ್ಣೆನೀರಿನ ಸುಸ್ತು

ನನ್ನ ತಂಗಿ ನಂಜನಗೂಡಿನಿಂದ ದಿನಾ ಬಸ್ಸು ಹತ್ತಿ ತಿ. ನರಸೀಪುರದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವಳ ಬಲಗಣ್ಣು ಮಂಜಾಯಿತು. ತಿಂಗಳು ಕಳೆಯುವುದರೊಳಗೆ ತಾನೇ ಸರಿಹೋಯಿತು. ಆಮೇಲೆ ಕಾಲು ಸೋಲತೊಡಗಿತು. ಬಸ್ಸಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತುಬಿಡುತ್ತಿದ್ದಳು. ಕೆಲಸ ಬಿಡಬೇಕಾದೀತು ಎಂಬುದೊಂದೇ ಅವಳ ಭಯ.

ಮೈಸೂರಿನ ಡಾಕ್ಟರೊಬ್ಬರು ಮಂಡಿ ತಟ್ಟಿ ನೋಡಿ, "ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಒಂದು ನರದ ಕಾಯಿಲೆ ಇದೆ. ಅದು ಬರೋದು ಚಳಿದೇಶದ ಬಿಳಿಯರಿಗೆ. ನಿಮಗ್ಯಾಕಮ್ಮ ಬರುತ್ತೆ?" ಎಂದು ನಕ್ಕು ಶಕ್ತಿಮಾತ್ರೆ ಬರೆದರು. "ಸದ್ಯ, ದೊರೆಗಳ ಕಾಯಿಲೆ ನಮಗಿಲ್ವಂತೆ" ಅಂತ ಅವ್ವ ಆ ಸಂಜೆ ಪಾಯಸ ಮಾಡಿದಳು. ಮೂವರೂ ಹೊಟ್ಟೆ ತುಂಬ ಉಂಡೆವು.

ಅದಲ್ಲವೆಂದ ಮೇಲೆ ವಾಯುವೇ ಇರಬೇಕು. ವಾಯುವಿಗೆ ಮದ್ದು ನಮಗೆ ಗೊತ್ತಿಲ್ಲವೇ? ಹರಳೆಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹುಯ್ಯುವುದು. ಪ್ರತಿ ಶನಿವಾರ ಆ ಕೆಲಸ ನನ್ನದು.

"ಸಾಕು ಕಣಕ್ಕ, ಕಾಲೇ ಇಲ್ದಂಗಾಯ್ತದೆ" ಅನ್ನುತ್ತಿದ್ದಳು.

"ಸುಮ್ನೆ ಕೂತ್ಕೊ, ವಾಯು ಇಳೀಬೇಕು" ಎಂದು ಗದರಿ ಇನ್ನೆರಡು ಚೊಂಬು ಹುಯ್ಯುತ್ತಿದ್ದೆ. ನನ್ನ ಬಾಯಿ ಮೊದಲಿಂದಲೂ ಜೋರು.

ಏಳಲಾರದವಳನ್ನು ಅವ್ವ, ನಾನು ತೋಳು ಹಿಡಿದು ತಂದು ಚಾಪೆಯ ಮೇಲೆ ಮಲಗಿಸುತ್ತಿದ್ದೆವು. ಎಣ್ಣೆನೀರು ಹಾಕಿಸಿಕೊಂಡ ಮೇಲೆ ಸುಸ್ತಾಗಿ ಮಲಗದವರು ಯಾರು? ಮೈ ಆರಿದ ಮೇಲೆ ಕಾಲಿಗೆ ಬಲ ಬರುತ್ತಿತ್ತು. ಮದ್ದು ಹಿಡಿಯಿತೆಂದು ನಾನು ಬೀಗುತ್ತಿದ್ದೆ. ಹೀಗೇ ನಾಲ್ಕೈದು ವರ್ಷ ಹೋಯಿತು. ಕಾಯಿಲೆ ಮರುಕಳಿಸಿದಾಗಲೆಲ್ಲ ಕಾಲು ಇನ್ನಷ್ಟು ಸೋತಿತು. ಕೊನೆಗೆ ಅವಳು ಕೆಲಸ ಬಿಟ್ಟು ಗಾಲಿಕುರ್ಚಿ ಹಿಡಿದಳು.

ಆಮೇಲೆ ಸಿಕ್ಕ ಡಾಕ್ಟರಮ್ಮ ವಯಸ್ಸಿನಲ್ಲಿ ನಮಗಿಂತ ಚಿಕ್ಕವಳು. ಮೊದಲ ಪ್ರಶ್ನೆಯೇ, "ಬಿಸಿನೀರು ಹುಯ್ಕೊಂಡಾಗ ಹೇಗಾಗುತ್ತೆ?" "ಕಾಲೇ ಇಲ್ದಂಗಾಯ್ತದೆ" ಅಂದಳು ತಂಗಿ. ಸ್ಕ್ಯಾನ್ ಮಾಡಿಸಿದಳು. ಅದೇ ಕಾಯಿಲೆ.

"ಬಿಳಿಯರಿಗೆ ಬರೋದಲ್ವಾ?" ಎಂದು ಜಗಳಕ್ಕೇ ಹೋದೆ.

"ಅವರಲ್ಲಿ ಹೆಚ್ಚು. ನಮ್ಮಲ್ಲಿ ಕಡಿಮೆ ಅಂದ್ರೆ ಇಲ್ಲ ಅಂತಲ್ಲಮ್ಮ. ನಮ್ಮಲ್ಲಿ ಹುಡುಕಿದ್ದೂ ಕಡಿಮೆ" ಎಂದಳು. ಬಿಸಿನೀರಿಗೆ ಬಲ ಹೋಗುವುದು ಈ ಕಾಯಿಲೆಯ ಒಂದು ಗುರುತು; ಹೋಗುವುದು ಆ ಹೊತ್ತಿಗಷ್ಟೇ, ಅದರಿಂದ ಕಾಲು ಕೆಡಲಿಲ್ಲ. ಮೊದಲೇ ಗೊತ್ತಾಗಿ ಔಷಧಿ ಶುರು ಮಾಡಿದ್ದರೆ ಇಷ್ಟು ಬೇಗ ಸೋಲುತ್ತಿರಲಿಲ್ಲವೇನೋ ಎಂದಳು. "ಬಿಸಿನೀರಿಗೆ ಹೀಗಾಗುತ್ತೆ ಅಂತ ಇಷ್ಟು ವರ್ಷ ಯಾರೂ ಡಾಕ್ಟರಿಗೆ ಹೇಳಲೇ ಇಲ್ವಾ?"

ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಬಂದೆ. ತಂಗಿ ತಿರುಗಿ ನೋಡದೆ ಕೇಳಿದಳು.

"ನಾನು ಹೇಳಿದ್ದೆ ಅಲ್ವಾ ಅಕ್ಕ?"

"ಹೂಂ, ಹೇಳಿದ್ದೆ" ಅಂದೆ.